ಬ್ರಿಟಿಷ್ ಎಂಪಿಗಳ ಪ್ರಶ್ನೆಗಳು: ಊರಿನ ರೈಲೂ ಅವರದೇ, ಹೊರದೇಶದ ಜಗಳವೂ ಅವರದೇ?

ಸಂಜೆ ಕಾಫಿ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಇತ್ತೀಚೆಗೆ ಬುಧವಾರ ಸಂಜೆ ಬ್ರಿಟನ್ ಪಾರ್ಲಿಮೆಂಟಿನ ಪ್ರಧಾನಿ ಪ್ರಶ್ನೋತ್ತರ ನೋಡುವ ಚಟ ಹತ್ತಿದೆ. ಅಲ್ಲಿ ಮಧ್ಯಾಹ್ನ 12ಕ್ಕೆ ಶುರು. ನಮಗೆ ಚಳಿಗಾಲದಲ್ಲಿ ಸಂಜೆ 5:30, ಬೇಸಿಗೆಯಲ್ಲಿ 4:30. ಮನೆಯಲ್ಲಿ ಧಾರಾವಾಹಿ ನೋಡುವವರಿಗೆ ಸಿಟ್ಟು. ಕೂಗಾಟ ಎರಡರಲ್ಲೂ ಒಂದೇ ತಾನೆ ಅಂತ ನಾನು.

ಒಂದು ವಿಷಯ ಮಾತ್ರ ಅರ್ಥ ಆಗುತ್ತಿಲ್ಲ. ಒಬ್ಬ ಎಂಪಿ ಎದ್ದು ತಮ್ಮೂರ ಸ್ಟೇಷನ್ನಿಗೆ ಲಿಫ್ಟ್ ಯಾವಾಗ ಎಂದು ಕೇಳುತ್ತಾರೆ. ಪಕ್ಕದವರು ಎದ್ದು ಸುಡಾನ್ ಬಗ್ಗೆ ಕೇಳುತ್ತಾರೆ. ಇನ್ನೊಬ್ಬರು ಕಾಶ್ಮೀರ. ಪ್ರಧಾನಿ ಎಲ್ಲದಕ್ಕೂ ಅದೇ ಮುಖದಲ್ಲಿ ಉತ್ತರ ಕೊಡುತ್ತಾರೆ. ಒಂದು ಸಣ್ಣ ಊರಿನಿಂದ ಗೆದ್ದು ಬಂದವರಿಗೆ ಹೊರದೇಶದ ವಿಷಯ ಯಾಕೆ ಬೇಕು? ನಮ್ಮ ಕಡೆ ಎಂಪಿ ವಿದೇಶಾಂಗದ ಬಗ್ಗೆ ಕೇಳಿದರೆ ಜನ "ಮೊದಲು ನಮ್ಮ ಫ್ಲೈಓವರ್ ಮುಗಿಸಿ ಸ್ವಾಮಿ" ಅಂತಾರೆ. ಅಲ್ಲಿ ಹಾಗೆ ಯಾರೂ ಅನ್ನಲ್ವಾ? ಇಷ್ಟೆಲ್ಲ ಕೇಳಿ ಏನಾದರೂ ಆಗುತ್ತದೆಯೇ? ಬಲ್ಲವರು ಹೇಳಿ.

ಥೇಮ್ಸ್ ದಂಡೆ

ಒಳ್ಳೆ ಪ್ರಶ್ನೆ ಸರ್. ಇಲ್ಲಿಗೆ ಬಂದು ವರ್ಷಗಳಾದವು, ನೋಡಿ ತಿಳಿದಷ್ಟು ಹೇಳುತ್ತೇನೆ.

ಬುಧವಾರದ ಆಟ ಬೇರೆ, ಉಳಿದ ದಿನದ ಪ್ರಶ್ನೋತ್ತರ ಬೇರೆ. ಬುಧವಾರ ಅರ್ಧ ಗಂಟೆ. ಯಾರು ಕೇಳಬೇಕು ಎನ್ನುವುದು ಲಾಟರಿ. ಅರ್ಜಿ ಹಾಕಿದವರಲ್ಲಿ 15 ಹೆಸರನ್ನು ಕಂಪ್ಯೂಟರ್ ಎತ್ತುತ್ತದೆ. ವಿರೋಧ ಪಕ್ಷದ ನಾಯಕರಿಗೆ ಮಾತ್ರ 6 ಪ್ರಶ್ನೆ ಖಾಯಂ. ಹೆಸರು ಬರದವರು ಪ್ರತಿ ಉತ್ತರ ಮುಗಿದ ಕೂಡಲೇ ಎದ್ದು ನಿಲ್ಲುತ್ತಾರೆ, ಸ್ಪೀಕರ್ ಕರೆಯದಿದ್ದರೆ ಕೂರುತ್ತಾರೆ, ಮತ್ತೆ ಏಳುತ್ತಾರೆ. ಟಿವಿಯಲ್ಲಿ ಹಿಂದಿನ ಸಾಲುಗಳು ಒಟ್ಟಿಗೆ ಎದ್ದು ಕೂರುವುದು ಕಾಣುತ್ತದಲ್ಲ, ಅದು ಇದೇ. ಒಟ್ಟು 650 ಸದಸ್ಯರು, ಸಭೆಯಲ್ಲಿ ಕೂರಲು ಜಾಗ ಇರುವುದು 427 ಜನಕ್ಕೆ. ಬುಧವಾರ ಮೆಟ್ಟಿಲ ಮೇಲೂ ಜನ.

ಮಜಾ ಏನೆಂದರೆ ಮೊದಲ ಪ್ರಶ್ನೆ ಕಾಗದದಲ್ಲಿ ಯಾವಾಗಲೂ ಒಂದೇ: ಪ್ರಧಾನಿಯವರ ಇವತ್ತಿನ ಕಾರ್ಯಕ್ರಮ ಏನು? "ಬೆಳಗ್ಗೆ ಸಚಿವರ ಜೊತೆ ಸಭೆ ಇತ್ತು, ಆಮೇಲೂ ಇದೆ" ಎಂದು ಅವರು ಉತ್ತರ ಕೊಡುತ್ತಾರೆ. ಅದು ನೆಪ ಅಷ್ಟೇ. ಪ್ರಧಾನಿಗೆ ಎಲ್ಲ ಖಾತೆಗೂ ಸಂಬಂಧ ಇರುವುದರಿಂದ ಆ ನೆಪದ ಮೇಲೆ ಲಿಫ್ಟೂ ಕೇಳಬಹುದು, ಸುಡಾನೂ ಕೇಳಬಹುದು. ಏನು ಬರುತ್ತದೋ ಅವರಿಗೆ ಮೊದಲೇ ಗೊತ್ತಿರುವುದಿಲ್ಲ. ಸ್ವಂತ ಪಕ್ಷದವರು ಕೇಳುವಾಗ ಮಾತ್ರ ಚೆನ್ನಾಗಿ ಗೊತ್ತಿರುತ್ತದೆ!

ಉಳಿದ ದಿನ ಇಲಾಖೆಗಳ ಸರದಿ. ಒಂದೊಂದು ಇಲಾಖೆಗೆ ಸುಮಾರು 5 ವಾರಕ್ಕೊಮ್ಮೆ. ವಿದೇಶಾಂಗಕ್ಕೂ ಅದೇ ಸರದಿ, ಸಾರಿಗೆಗೂ ಅದೇ. ಎಂಪಿ ಯಾವ ಊರಿನವರು ಅನ್ನುವುದು ಲೆಕ್ಕಕ್ಕಿಲ್ಲ, ಸಚಿವರ ಹೊಣೆಯಲ್ಲಿರುವ ವಿಷಯ ಆಗಿದ್ದರೆ ಸಾಕು.

ಗುಂಡಿ ರಸ್ತೆ (ಬೆಂಗಳೂರು)

ಕೇಳಬಹುದು ಸರಿ, ಕೇಳಬೇಕಾ ಅನ್ನೋದು ಪ್ರಶ್ನೆ. 2020ರ ಡಿಸೆಂಬರ್‌ನಲ್ಲಿ ನಮ್ಮ ರೈತ ಚಳವಳಿ ನಡೆಯುವಾಗ ಅಲ್ಲೊಬ್ಬ ಎಂಪಿ ಎದ್ದು ಕೇಳಿದರು. ಆಗಿನ ಪ್ರಧಾನಿ ಬೋರಿಸ್ ಜಾನ್ಸನ್ ಉತ್ತರ ನೆನಪಿದೆಯಾ? ಅದು ಭಾರತ ಪಾಕಿಸ್ತಾನ ಕೂತು ಬಗೆಹರಿಸಿಕೊಳ್ಳಬೇಕಾದ ವಿಷಯ ಅಂದರು! ಕೇಳಿದ್ದು ರೈತರ ಬಗ್ಗೆ, ಉತ್ತರ ಗಡಿ ಬಗ್ಗೆ. ಪ್ರಶ್ನೆ ಸರಿಯಾಗಿ ಕೇಳಿಸಲಿಲ್ಲ ಅಂತ ಆಮೇಲೆ ಸಮಜಾಯಿಷಿ. ಉತ್ತರ ಕೊಡುವವರಿಗೇ ಏನು ಕೇಳಿದರು ಅಂತ ಗೊತ್ತಿಲ್ಲ. ಅವರಿಗ್ಯಾಕೆ ನಮ್ಮ ಉಸಾಬರಿ? ಸುಮ್ನೆ ವೋಟಿಗೆ.

ಥೇಮ್ಸ್ ದಂಡೆ

ವೋಟಿಗೆ ಅನ್ನೋದು ನಿಜವೇ. ಅದು ತಪ್ಪು ಹೇಗಾಗುತ್ತದೆ ಅನ್ನೋದು ನನ್ನ ಪ್ರಶ್ನೆ. ಕೇಳಿದವರು ತನ್‌ಮನ್‌ಜೀತ್ ಸಿಂಗ್ ಧೇಸಿ. ಅವರ ಕ್ಷೇತ್ರ ಸ್ಲೌ. ಹೀಥ್ರೂ ವಿಮಾನ ನಿಲ್ದಾಣದ ಪಶ್ಚಿಮಕ್ಕೆ, ಪಂಜಾಬಿ ಕುಟುಂಬಗಳು ತುಂಬ ಇರುವ ಊರು. ಅಲ್ಲಿ ಎಷ್ಟೋ ಮನೆಗಳಲ್ಲಿ ಅಪ್ಪನೋ ಚಿಕ್ಕಪ್ಪನೋ ಪಂಜಾಬಿನಲ್ಲಿ ಹೊಲ ಇಟ್ಟುಕೊಂಡಿದ್ದಾರೆ. ದೆಹಲಿ ಗಡಿಯಲ್ಲಿ ಜಲಫಿರಂಗಿ ಹಾರಿಸಿದರೆ ಸ್ಲೌನಲ್ಲಿ ಫೋನ್ ಬಡಿದುಕೊಳ್ಳುತ್ತದೆ. ಅವರಿಗೆ ಅದು ಊರಿನ ಸುದ್ದಿಯೇ.

ಅದೇ ಧೇಸಿ ಸ್ಲೌ ಕಡೆಯಿಂದ ಹೀಥ್ರೂಗೆ ನೇರ ರೈಲು ಮಾರ್ಗ ಬೇಕು ಅಂತ ಕೇಳಿ ಕೇಳಿ ಸಚಿವರ ತಲೆ ತಿಂದಿದ್ದಾರೆ. ವಿಮಾನ ನಿಲ್ದಾಣ ಕಣ್ಣಿಗೆ ಕಾಣುತ್ತೆ, ನೇರ ರೈಲು ಮಾತ್ರ ಇಲ್ಲ. ಸರ್ಕಾರ 2012ರಲ್ಲೇ ಒಪ್ಪಿದ್ದ ಯೋಜನೆ ಅದು. ಟಿವಿ ಅದನ್ನು ತೋರಿಸಲ್ಲ, ರೈತರ ಪ್ರಶ್ನೆಯ ಕ್ಲಿಪ್ ಮಾತ್ರ ಓಡುತ್ತೆ.

ಗುಂಡಿ ರಸ್ತೆ (ಬೆಂಗಳೂರು)

ಸರಿ, ರೈಲು ಬಂತಾ?

ಥೇಮ್ಸ್ ದಂಡೆ

ಇಲ್ಲ. 😀

ಹಳೇ ವಕೀಲ (ಮೈಸೂರು)

"ಅವರಿಗ್ಯಾಕೆ ನಮ್ಮ ಉಸಾಬರಿ" ಎಂದ ಗೆಳೆಯರಿಗೆ ಒಂದು ಮಾತು. ನಮ್ಮ ಹಿರಿಯರು ಇದೇ ಉಸಾಬರಿಗಾಗಿ ಲಂಡನ್ನಿನಲ್ಲಿ ಎಂಪಿಗಳ ಬಾಗಿಲು ಕಾಯುತ್ತಿದ್ದರು. 1858ರ ನಂತರ ಭಾರತದ ಆಡಳಿತಕ್ಕೆ ಉತ್ತರ ಹೇಳಬೇಕಾದ ಸಚಿವ ಕೂರುತ್ತಿದ್ದುದು ಅಲ್ಲಿ. ಅವನ ಸಂಬಳ ಮಾತ್ರ 1919ರ ಕಾಯ್ದೆ ಬರುವವರೆಗೆ ನಮ್ಮ ಬೊಕ್ಕಸದಿಂದ. ಭಾರತದ ಬಜೆಟ್ ಚರ್ಚೆಯ ದಿನ ಸಭೆ ಖಾಲಿ ಹೊಡೆಯುತ್ತಿತ್ತು. ಯಾರೂ ಕೇಳದಿದ್ದರೆ ಹೇಳುವವರೂ ಇಲ್ಲ.

ಹೆನ್ರಿ ಫಾಸೆಟ್ ಎಂಬ ಒಬ್ಬರಿದ್ದರು. 25ನೇ ವಯಸ್ಸಿನಲ್ಲಿ ಬೇಟೆಗೆ ಹೋದಾಗ ತಂದೆಯ ಬಂದೂಕಿನ ಗುಂಡು ತಗುಲಿ ಎರಡೂ ಕಣ್ಣು ಹೋದವು. ಆಮೇಲೆ ಕೇಂಬ್ರಿಜ್‌ನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು, 1865ರಲ್ಲಿ ಬ್ರೈಟನ್ ಎಂಪಿಯಾದರು. ಬ್ರೈಟನ್ ಸಮುದ್ರ ದಂಡೆಯ ವಿಹಾರದ ಊರು. ಭಾರತದ ಜೊತೆ ಎಳ್ಳಷ್ಟೂ ಸಂಬಂಧ ಇಲ್ಲ. 1867ರಲ್ಲಿ ಆಟೊಮನ್ (ಟರ್ಕಿ) ಸುಲ್ತಾನ ಲಂಡನ್ನಿಗೆ ಬಂದಾಗ ಇಂಡಿಯಾ ಆಫೀಸಿನಲ್ಲಿ, ಅಂದರೆ ಆ ಭಾರತ ಸಚಿವನ ಕಚೇರಿಯಲ್ಲಿ, ಭರ್ಜರಿ ನೃತ್ಯಕೂಟ ನಡೆಯಿತು. ಖರ್ಚು ಭಾರತದ ಲೆಕ್ಕಕ್ಕೆ! ಸುಲ್ತಾನನ ಕುಣಿತಕ್ಕೆ ಇಲ್ಲಿನ ರೈತ ಯಾಕೆ ದುಡ್ಡು ಕೊಡಬೇಕು ಎಂದು ಸಭೆಯಲ್ಲಿ ತಕರಾರು ಎತ್ತಿದವರು ಈ ಫಾಸೆಟ್. ಅವರನ್ನು "ಭಾರತದ ಸದಸ್ಯ" ಎಂದೇ ಕರೆಯುತ್ತಿದ್ದರು. 1874ರಲ್ಲಿ ಬ್ರೈಟನ್ನಿನಲ್ಲಿ ಸೋತರು. ಹ್ಯಾಕ್ನಿಯಲ್ಲಿ ಮತ್ತೆ ನಿಂತಾಗ ಖರ್ಚಿಗೆಂದು ಇಲ್ಲಿಂದ ಜನ ಹಣ ಕೂಡಿಸಿ ಕಳಿಸಿದರು. ಯೋಚಿಸಿ, ವೋಟಿಲ್ಲದ ಜನ ಚಂದಾ ಎತ್ತಿದ್ದು.

ಮೈಸೂರಿನವನಾಗಿ ಇನ್ನೊಂದು ಹೇಳದೇ ಇರಲಾರೆ. 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡರು. 1865ರಲ್ಲಿ ಅವರು ದತ್ತು ತೆಗೆದುಕೊಂಡರೆ ಕಲ್ಕತ್ತೆಯ ಸರ್ಕಾರ ಒಪ್ಪಲಿಲ್ಲ. ಅವರ ನಂತರ ಮೈಸೂರು ಕಂಪನಿ ಕಾಲದ ಎಷ್ಟೋ ರಾಜ್ಯಗಳಂತೆ ನುಂಗಿ ಹೋಗಬೇಕಿತ್ತು. ವಿಷಯ ಲಂಡನ್ನಿಗೆ ಹೋಯಿತು, ಅಲ್ಲಿನ ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿ ಚರ್ಚೆಗೆ ಬಂತು, 1867ರಲ್ಲಿ ದತ್ತು ಮಾನ್ಯ ಎಂಬ ತೀರ್ಮಾನ ಹೊರಬಿತ್ತು. 1881ರ ಮಾರ್ಚ್ 25ರಂದು ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ವಾಪಸ್. ಎಂಪಿಗಳ ಪ್ರಶ್ನೆಯೊಂದರಿಂದಲೇ ಆಯಿತು ಎನ್ನಲಾರೆ. ಅಂದಿನ ಲೆಕ್ಕಾಚಾರಗಳು ಬೇರೆಯೂ ಇದ್ದವು. ಆದರೆ ಯಾರೋ ಸ್ಕಾಟ್ಲೆಂಡಿನ ಎಂಪಿ ನಮ್ಮ ಅರಮನೆಯ ಬಗ್ಗೆ ಬಾಯಿ ಬಿಟ್ಟಾಗ ಮೈಸೂರಿನಲ್ಲಿ ಯಾರೂ "ನಿಮಗ್ಯಾಕೆ" ಎಂದಿರಲಿಲ್ಲ.

ಗುಂಡಿ ರಸ್ತೆ (ಬೆಂಗಳೂರು)

ವಕೀಲರೇ, ಆಗ ಅವರು ನಮ್ಮನ್ನು ಆಳುತ್ತಿದ್ದರು. ಕೇಳಲೇಬೇಕಿತ್ತು. ಈಗ ಆಳುತ್ತಿಲ್ಲವಲ್ಲ. 2021ರ ಮಾರ್ಚ್ 8ರಂದು ನಮ್ಮ ರೈತರ ಬಗ್ಗೆ ಒಂದೂವರೆ ಗಂಟೆ ಚರ್ಚೆ ಮಾಡಿದರು. ಏನು ಅಧಿಕಾರ?

ಹಳೇ ವಕೀಲ (ಮೈಸೂರು)

ನಿಮ್ಮ ಆಕ್ಷೇಪದಲ್ಲಿ ಹುರುಳಿದೆ. ಅಧಿಕಾರ ಏನೂ ಇಲ್ಲ. ಆ ಚರ್ಚೆಗೆ ಮತದಾನವೂ ಇರಲಿಲ್ಲ. ಲಕ್ಷಕ್ಕಿಂತ ಜಾಸ್ತಿ ಜನ ಸಹಿ ಹಾಕಿದ ಅರ್ಜಿ ಬಂದರೆ ಚರ್ಚೆಗೆ ತೆಗೆದುಕೊಳ್ಳುವ ಪದ್ಧತಿ ಅಲ್ಲಿದೆ, ಹಾಗೆ ಬಂದದ್ದು. ಆದರೂ ಮಾರನೇ ದಿನ ನಮ್ಮ ವಿದೇಶಾಂಗ ಕಾರ್ಯದರ್ಶಿ ಬ್ರಿಟಿಷ್ ಹೈಕಮಿಷನರನ್ನು ಕರೆಸಿ ಆಕ್ಷೇಪ ಹೇಳಿದರು. ಅಧಿಕಾರವಿಲ್ಲದ ಮಾತಿಗೆ ಅಷ್ಟು ಬಿಸಿ ತಟ್ಟಿತು ನೋಡಿ.

ಮಿಡ್‌ಲ್ಯಾಂಡ್ಸ್ ಮಿರ್ಚಿ (ಲೆಸ್ಟರ್)

ಎಲ್ಲರೂ ಬರೀ ಎಂಪಿಗಳ ಕಡೆಯಿಂದ ಮಾತಾಡುತ್ತಿದ್ದೀರಿ. ಓಟು ಹಾಕುವವರ ಕಡೆಯಿಂದ ಹೇಳುತ್ತೇನೆ.

2024ರ ಜುಲೈ 4. ದೇಶದ ತುಂಬ ಲೇಬರ್ ಪಕ್ಷದ ಅಲೆ. ನಮ್ಮ ಲೆಸ್ಟರ್ ಸೌತ್‌ನಲ್ಲಿ ಲೇಬರಿನ ಜಾನಥನ್ ಆಶ್‌ವರ್ತ್ ಗೆದ್ದು ಮಂತ್ರಿ ಆಗುವುದು ಖಾತ್ರಿ ಅಂತ ಎಲ್ಲರೂ ಅಂದುಕೊಂಡಿದ್ದರು. ಹಿಂದಿನ ಸಲ 22 ಸಾವಿರಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದಿದ್ದವರು. ಈ ಸಲ ಪಕ್ಷೇತರ ಶೌಕತ್ ಆಡಮ್ ಎದುರು 979 ಮತದಲ್ಲಿ ಸೋತರು. ಆಡಮ್ ಕಣ್ಣು ಪರೀಕ್ಷೆ ಮಾಡುವವರು, ರಾಜಕಾರಣಕ್ಕೆ ಹೊಸಬರು. ಗೆದ್ದ ಮೇಲೆ ವೇದಿಕೆ ಮೇಲೆ ನಿಂತು ಈ ಗೆಲುವು ಗಾಜಾದ ಜನರಿಗೆ ಅಂದರು. ಬ್ಲ್ಯಾಕ್‌ಬರ್ನ್‌ನಲ್ಲೂ ಇದೇ ಕಥೆ, ಅಲ್ಲಿ ಪಕ್ಷೇತರರು ಗೆದ್ದದ್ದು ಬರೀ 132 ಮತದಲ್ಲಿ.

ಹಾಗಾಗಿ "ಹೊರದೇಶದ ಬಗ್ಗೆ ಕೇಳಿದರೆ ಜನ ಬೈಯಲ್ವಾ" ಅನ್ನುವ ಪ್ರಶ್ನೆಗೆ ನಮ್ಮೂರಿನ ಉತ್ತರ: ಕೇಳದಿದ್ದರೆ ಮನೆಗೆ ಕಳಿಸುತ್ತಾರೆ. ಪಕ್ಕದ ಬೀದಿಯಲ್ಲಿ ಗುಜರಾತಿ, ಮುಂದಿನ ಬೀದಿಯಲ್ಲಿ ಸೋಮಾಲಿ, ಅದರಾಚೆ ಪೋಲಿಷ್ ಅಂಗಡಿ. ಇಲ್ಲಿ ಯಾವ ದೇಶ ಹೊರದೇಶ ಅಂತ ಹೇಳೋದೇ ಕಷ್ಟ.

ಆದರೆ ಇದರಲ್ಲಿ ನನಗೆ ಇಷ್ಟವಾಗದ್ದೂ ಇದೆ. ಪ್ರತಿ ಸಮುದಾಯವೂ ತನ್ನ ತವರಿನ ಜಗಳಕ್ಕೆ ಒಬ್ಬ ಎಂಪಿಯನ್ನು ಹಿಡಿದುಕೊಂಡರೆ ನಮ್ಮ ಬಸ್ ರೂಟ್ ಬಗ್ಗೆ ಯಾರು ಕೇಳುತ್ತಾರೆ? 2022ರಲ್ಲಿ ಭಾರತ ಪಾಕಿಸ್ತಾನ ಕ್ರಿಕೆಟ್ ಪಂದ್ಯದ ನಂತರ ಇಲ್ಲಿ ಬೀದಿಯಲ್ಲಿ ಗಲಾಟೆ ಆದಾಗ ನಾವು ವಾರಗಟ್ಟಲೆ ಸಂಜೆ ಹೊರಗೆ ಹೋಗಿರಲಿಲ್ಲ. ಅದು ವಿದೇಶಾಂಗವೋ ಊರಿನದೋ? ಎರಡೂ ಹೌದು ಅನಿಸಿತ್ತು ಆಗ.

ಥೇಮ್ಸ್ ದಂಡೆ

ಮಿರ್ಚಿ ಅಕ್ಕ, ನೀವು ಹೇಳಿದ್ದಕ್ಕೆ ಸರಿಯಾಗಿ ತಿರುಗುಮುರುಗಾದ ಕಥೆ ಅದೇ ಸ್ಲೌನಲ್ಲಿ 60 ವರ್ಷ ಹಿಂದೆ ನಡೆದಿತ್ತು.

ಫೆನ್ನರ್ ಬ್ರಾಕ್‌ವೇ. ಹುಟ್ಟಿದ್ದು ಕಲ್ಕತ್ತೆಯಲ್ಲಿ, 1888ರಲ್ಲಿ, ತಂದೆ ತಾಯಿ ಮಿಷನರಿಗಳು. 1930ರಲ್ಲಿ ಗಾಂಧೀಜಿ ಮತ್ತು ಸಾವಿರಾರು ಜನ ಜೈಲಿನಲ್ಲಿದ್ದಾಗ (ನಮ್ಮ ಅಂಕೋಲೆಯ ಉಪ್ಪಿನ ಸತ್ಯಾಗ್ರಹವೂ ಅದೇ ವರ್ಷದ್ದು) ಭಾರತದ ಬಗ್ಗೆ ಚರ್ಚೆಗೆ ಸಮಯ ಕೊಡಿ ಎಂದು ಇವರು ಪಟ್ಟು ಹಿಡಿದರು. ಆಗ ಇದ್ದುದು ಅವರದೇ ಲೇಬರ್ ಸರ್ಕಾರ. ಸ್ಪೀಕರ್ ಕೂರಲು ಹೇಳಿದರೂ ಕೂರಲಿಲ್ಲ, ಸಭೆಯಿಂದ ಅಮಾನತಾದರು. ಅವರ ಗೆಳೆಯ ಜಾನ್ ಬೆಕೆಟ್ ಎಂಬ ಎಂಪಿಗೆ ಸಿಟ್ಟು ನೆತ್ತಿಗೇರಿ ಮೇಜಿನ ಮೇಲಿದ್ದ ರಾಜದಂಡವನ್ನೇ ಎತ್ತಿಕೊಂಡು ಬಾಗಿಲ ಕಡೆ ಹೊರಟರು. ಆ ದಂಡ ಇಲ್ಲದಿದ್ದರೆ ಕಲಾಪ ನಡೆಯುವಂತಿಲ್ಲ. ಬಾಗಿಲ ಹತ್ತಿರ ಕಿತ್ತುಕೊಂಡು ವಾಪಸ್ ಇಟ್ಟರಂತೆ.

ಇದೇ ಬ್ರಾಕ್‌ವೇ 1950ರಿಂದ ಈಟನ್ ಮತ್ತು ಸ್ಲೌ ಕ್ಷೇತ್ರದ ಎಂಪಿ. ಕೀನ್ಯಾ, ಘಾನಾ, ವಸಾಹತು ಬಿಡುಗಡೆ, ಬರೀ ಇದೇ. ಜನ "ಆಫ್ರಿಕಾದ ಸದಸ್ಯ" ಅಂತ ಹಂಗಿಸುತ್ತಿದ್ದರು. ಬಣ್ಣದ ಆಧಾರದ ಮೇಲೆ ತಾರತಮ್ಯ ಮಾಡಬಾರದು ಎಂಬ ಮಸೂದೆಯನ್ನು ಒಂದಾದ ಮೇಲೊಂದರಂತೆ 9 ಸಲ ತಂದರು. ಒಂದೂ ಪಾಸಾಗಲಿಲ್ಲ. 1964ರ ಚುನಾವಣೆ. ಲೇಬರ್ ಅಧಿಕಾರಕ್ಕೆ ಬಂತು, ಬ್ರಾಕ್‌ವೇ ಮಾತ್ರ ಸೋತರು. ಅಂತರ ಎಷ್ಟು ಹೇಳಿ? 11 ಮತ.

ಸಂಜೆ ಕಾಫಿ (ಶಿವಮೊಗ್ಗ)

11! ಒಂದು ವಠಾರದ ಜನ!

ಥೇಮ್ಸ್ ದಂಡೆ

ಹೌದು. ವಲಸೆ ಬಂದವರ ಮೇಲಿನ ಸಿಟ್ಟು ಆ ಚುನಾವಣೆಯಲ್ಲಿ ಜೋರಾಗಿತ್ತು. ಮೇಲಿಂದ ನಮ್ಮ ಎಂಪಿಗೆ ನಾವು ಕಾಣಲ್ಲ, ನೈರೋಬಿ ಮಾತ್ರ ಕಾಣುತ್ತೆ ಎನ್ನುವ ಗೊಣಗಾಟ. 1964ರಲ್ಲಿ ಬ್ರಾಕ್‌ವೇ ಹೊರದೇಶದ ಮೇಲೆ ಅಕ್ಕರೆ ಜಾಸ್ತಿಯಾಗಿ ಸೋತರು, 2024ರಲ್ಲಿ ನಿಮ್ಮ ಆಶ್‌ವರ್ತ್ ಕಡಿಮೆಯಾಗಿ ಸೋತರು. ಬ್ರಾಕ್‌ವೇ ಒಂಬತ್ತು ಸಲ ಹೊತ್ತು ತಂದಿದ್ದ ವಿಷಯ ಮಾತ್ರ ಅವರು ಸೋತ ಮರುವರ್ಷವೇ, 1965ರಲ್ಲಿ, ಕಾನೂನಾಯಿತು. ಇವತ್ತು ಅದೇ ಸ್ಲೌನಲ್ಲಿ ಪೇಟ ಕಟ್ಟಿದ ಸಿಖ್ ಎಂಪಿ.

ಗುಂಡಿ ರಸ್ತೆ (ಬೆಂಗಳೂರು)

ಒಳ್ಳೆ ಮನುಷ್ಯರೇ ಇರಬಹುದು. ಆದರೂ ನಾನು ಅವತ್ತು ಸ್ಲೌನಲ್ಲಿ ಇದ್ದಿದ್ದರೆ ಆ 11ರಲ್ಲಿ ಒಬ್ಬ ಆಗಿರುತ್ತಿದ್ದೆನೋ ಏನೋ. ನೀರು ಬರದ ಬೀದಿಯವನಿಗೆ ಘಾನಾ ಸ್ವಾತಂತ್ರ್ಯ ಕೇಳಿಸಲ್ಲ ಸ್ವಾಮಿ. ಬರೀ ಊರಿನ ವಿಷಯ ಹಿಡಿದು ಸಾಧಿಸಿದ ಎಂಪಿ ಒಬ್ಬರಾದರೂ ಇದ್ದಾರಾ ಹೇಳಿ.

ಮಿಡ್‌ಲ್ಯಾಂಡ್ಸ್ ಮಿರ್ಚಿ (ಲೆಸ್ಟರ್)

ಇದ್ದರು. ಸರ್ ಡೇವಿಡ್ ಏಮೆಸ್. ಸೌತೆಂಡ್ ಎಂಬ ಕಡಲ ತೀರದ ಊರು, ಥೇಮ್ಸ್ ನದಿ ಸಮುದ್ರ ಸೇರುವಲ್ಲಿ. ಅವರದು ಒಂದೇ ಹಠ: ಸೌತೆಂಡ್‌ಗೆ ನಗರದ ಪಟ್ಟ ಬೇಕು. ಬ್ರಿಟನ್ನಿನಲ್ಲಿ ದೊಡ್ಡ ಊರಾದರೆ ನಗರ ಅಲ್ಲ, ರಾಜಮನೆತನದಿಂದ ಪತ್ರ ಬರಬೇಕು. ಅದರಿಂದ ಒಂದು ಪೌಂಡ್ ಹೆಚ್ಚುವರಿ ಅನುದಾನವೂ ಸಿಗುವುದಿಲ್ಲ, ಬರೀ ಗೌರವ. ಆದರೂ ಬಿಡಲಿಲ್ಲ. ಚರ್ಚೆ ಯಾವುದೇ ಇರಲಿ, ಕೊನೆಗೆ ಹೇಗೋ ಸುತ್ತಿ ಬಳಸಿ ಸೌತೆಂಡ್‌ಗೆ ತಂದು ನಿಲ್ಲಿಸುತ್ತಿದ್ದರು. ಇವರು ಎದ್ದರೆ ಎದುರು ಬದಿಯವರೂ ನಗುತ್ತಿದ್ದರು, ಏನು ಬರುತ್ತೆ ಅಂತ ಗೊತ್ತು. ರಜೆಗೆ ಮುಂಚಿನ ಕೊನೆಯ ದಿನದ ಚರ್ಚೆ ಅಂದರೆ ಅವರಿಗೆ ಹಬ್ಬ. ಉಸಿರು ತೆಗೆದುಕೊಳ್ಳದೆ ಊರಿನ ಹತ್ತಾರು ವಿಷಯ ಒಂದರ ಹಿಂದೊಂದು ಓದಿಬಿಡುತ್ತಿದ್ದರು.

2021ರ ಅಕ್ಟೋಬರ್ 15ರಂದು, ಕ್ಷೇತ್ರದ ಜನರ ಅಹವಾಲು ಕೇಳುತ್ತ ಚರ್ಚಿನಲ್ಲಿ ಕೂತಿದ್ದಾಗ, ಒಬ್ಬ ಚಾಕು ಹಾಕಿ ಕೊಂದ. ಮೂರು ದಿನದ ನಂತರ ಪ್ರಧಾನಿ ಸಭೆಯಲ್ಲಿ ಸೌತೆಂಡ್ ಇನ್ನು ನಗರ ಎಂದು ಘೋಷಿಸಿದರು. ಬದುಕಿದ್ದಾಗ ಸಿಗಲಿಲ್ಲ. ಈಗ ಬೇಸಿಗೆ ರಜೆಗೆ ಮುಂಚಿನ ಆ ಚರ್ಚೆಗೆ ಅವರದೇ ಹೆಸರು.

ಆದರೆ ಗುಂಡಿಯವರೇ, ನಿಮಗೆ ನಿರಾಸೆ ಮಾಡಲೇಬೇಕು. ಅವರೂ ಬರೀ ಊರಿನವರಲ್ಲ. ಇರಾನಿನ ವಿರೋಧ ಪಕ್ಷದವರ ಪರ ವರ್ಷಗಟ್ಟಲೆ ಮಾತಾಡಿದವರು.

ಅಕ್ಷರ (ಧಾರವಾಡ)

ನಾನು ರಾಜ್ಯಶಾಸ್ತ್ರ ಓದುತ್ತಿದ್ದೇನೆ. ನಮ್ಮಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಅಂದರೆ ಸಚಿವರು ಸದನದಲ್ಲಿ ಬಾಯಲ್ಲೇ ಉತ್ತರಿಸಬೇಕು, ಉಪಪ್ರಶ್ನೆ ಕೇಳಬಹುದು. ಲೋಕಸಭೆಯಲ್ಲಿ ದಿನಕ್ಕೆ 20. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ, ಅದು ದಿನಕ್ಕೆ 230. ಅಲ್ಲಿಯೂ ಹೀಗೇನಾ? ಇನ್ನೊಂದು, ಊರಿನ ರಸ್ತೆ ಗುಂಡಿ ಬಗ್ಗೆ ಅಲ್ಲಿನ ಪಾರ್ಲಿಮೆಂಟಿನಲ್ಲಿ ಕೇಳಲು ಬಿಡುತ್ತಾರಾ?

ಥೇಮ್ಸ್ ದಂಡೆ

ಅಕ್ಷರ ಅವರೇ, ಗುಂಡಿ ವಿಷಯ ಮೊದಲು. ಒಳರಸ್ತೆ ಗುಂಡಿ, ಕಸ, ಬೀದಿ ದೀಪ, ಇವು ಕೌನ್ಸಿಲ್ (ನಮ್ಮ ನಗರಸಭೆ ಥರದ್ದು) ಕೆಲಸ. ಸಚಿವರ ಹೊಣೆ ಅಲ್ಲ ಎಂದು ಪ್ರಶ್ನೆ ಸ್ವೀಕರಿಸುವ ಕಚೇರಿಯಲ್ಲೇ ತಡೆಯುತ್ತಾರೆ. ಹೆದ್ದಾರಿ ಗುಂಡಿಯಾದರೆ ನಡೆಯುತ್ತೆ. ಸ್ಕಾಟ್ಲೆಂಡಿನ ಆಸ್ಪತ್ರೆ ಶಾಲೆ ಬಗ್ಗೆಯೂ ಲಂಡನ್ನಿನಲ್ಲಿ ಕೇಳುವಂತಿಲ್ಲ, ಅದು ಎಡಿನ್‌ಬರೋದಲ್ಲಿರುವ ಸ್ಕಾಟ್ಲೆಂಡ್ ಪಾರ್ಲಿಮೆಂಟಿನದು. ಹಾಗಾಗಿ ಜಾಣ ಎಂಪಿ ಗುಂಡಿ ಬಗ್ಗೆ ಕೇಳಲ್ಲ. ರಸ್ತೆ ದುರಸ್ತಿಗೆಂದು ನಮ್ಮ ಕೌನ್ಸಿಲಿಗೆ ಎಷ್ಟು ಕೊಟ್ಟಿರಿ ಎಂದು ಕೇಳುತ್ತಾರೆ. ದುಡ್ಡು ಸಚಿವರದು, ಉತ್ತರ ಕೊಡಲೇಬೇಕು. ಅದೂ ಆಗದಿದ್ದರೆ ಗುರುವಾರ ಇದೆ. ಸದನ ನಾಯಕರು ಮುಂದಿನ ವಾರದ ಕಾರ್ಯಸೂಚಿ ಓದುತ್ತಾರೆ, ಆಗ ಎದ್ದು "ಇದರ ಬಗ್ಗೆ ಚರ್ಚೆಗೆ ಸಮಯ ಕೊಡುತ್ತೀರಾ" ಎಂದು ಪ್ರಪಂಚದ ಯಾವ ವಿಷಯವನ್ನಾದರೂ ಎತ್ತಬಹುದು. ಚರ್ಚೆ ಕೊಡುವುದಿಲ್ಲ ಅಂತ ಇಬ್ಬರಿಗೂ ಗೊತ್ತು. ದಾಖಲೆಯಲ್ಲಿ ಬಂತಲ್ಲ, ಊರಿನ ಫೇಸ್‌ಬುಕ್ ಗುಂಪಿಗೆ ಕ್ಲಿಪ್ ಸಿಕ್ಕಿತಲ್ಲ, ಅಷ್ಟು ಸಾಕು.

ನಿಜವಾದ ಕೆಲಸ ಆಗುವುದು ಲಿಖಿತ ಪ್ರಶ್ನೆಯಲ್ಲಿ ಅಂತ ನನ್ನ ಅಭಿಪ್ರಾಯ. ಚೀರಾಟ ಇಲ್ಲ, ಕ್ಯಾಮೆರಾ ಇಲ್ಲ. ಸಾಮಾನ್ಯ ಪ್ರಶ್ನೆಗೆ ವಾರದೊಳಗೆ ಉತ್ತರ ಬರಬೇಕು ಎನ್ನುವ ರೂಢಿ. ಇಂಥ ದಿನವೇ ಬೇಕು ಎಂದು ದಿನಾಂಕ ಹಾಕಿ ಕೇಳುವುದೂ ಉಂಟು, ಅಂಥದ್ದು ಒಬ್ಬರಿಗೆ ದಿನಕ್ಕೆ 5 ಮಾತ್ರ. ಉತ್ತರ ಹುಡುಕಲು 850 ಪೌಂಡ್‌ಗಿಂತ ಜಾಸ್ತಿ ಖರ್ಚಾಗುತ್ತದೆ ಅಂತಾದರೆ ಇಲಾಖೆ "ವೆಚ್ಚ ವಿಪರೀತ" ಎಂದು ಕೈ ಎತ್ತಬಹುದು. ಉತ್ತರ ಕೊಡಲು ಮನಸ್ಸಿಲ್ಲದ ಇಲಾಖೆಗೆ ಇದು ಒಳ್ಳೆ ಬೇಲಿ. ಅನುಭವಿ ಎಂಪಿ ಆಗ ದೊಡ್ಡ ಪ್ರಶ್ನೆಯನ್ನು ತುಂಡು ಮಾಡಿ ಹತ್ತು ಸಣ್ಣ ಪ್ರಶ್ನೆ ಕೇಳುತ್ತಾರೆ. ಒಂದೊಂದೂ ಅಗ್ಗ!

ಹಳೇ ವಕೀಲ (ಮೈಸೂರು)

ಪ್ರಶ್ನೆ ಕೇಳಲು ಕಾಸು ತೆಗೆದುಕೊಂಡವರೂ ಇದ್ದಾರೆ, ಮರೆಯಬೇಡಿ. ಅಲ್ಲಿ 1994ರಲ್ಲಿ ದೊಡ್ಡ ಹಗರಣವಾಯಿತು. ನಮ್ಮಲ್ಲಿ 2005ರಲ್ಲಿ 11 ಸಂಸದರನ್ನು ಅದಕ್ಕೇ ಹೊರಹಾಕಿದರು. ಪ್ರಶ್ನೆಗೆ ಬೆಲೆ ಇಲ್ಲದಿದ್ದರೆ ಯಾರಾದರೂ ಕಾಸು ಕೊಡುತ್ತಿದ್ದರೇ?

ಸಂಜೆ ಕಾಫಿ (ಶಿವಮೊಗ್ಗ)

ಹಹ್ಹ, ಇದು ಒಳ್ಳೆ ವಾದ ವಕೀಲರೇ. ಆದರೆ ನನ್ನ ಕೊನೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಕೇಳಿ ಕೇಳಿ ಏನಾದರೂ ಆದದ್ದು ಇದೆಯಾ? ಅದೂ ಹೊರದೇಶದ ವಿಷಯದಲ್ಲಿ?

ಮಿಡ್‌ಲ್ಯಾಂಡ್ಸ್ ಮಿರ್ಚಿ (ಲೆಸ್ಟರ್)

ನಜನೀನ್ ಜಘಾರಿ ರ‍್ಯಾಟ್‌ಕ್ಲಿಫ್. ಲಂಡನ್ನಿನ ವೆಸ್ಟ್ ಹ್ಯಾಂಪ್‌ಸ್ಟೆಡ್‌ನಲ್ಲಿ ಸಂಸಾರ. 2016ರ ಏಪ್ರಿಲ್‌ನಲ್ಲಿ ಪುಟ್ಟ ಮಗಳ ಜೊತೆ ತವರಿಗೆ ಹೋಗಿ ವಾಪಸ್ ಬರುವಾಗ ಟೆಹ್ರಾನ್ ವಿಮಾನ ನಿಲ್ದಾಣದಲ್ಲಿ ಹಿಡಿದರು. ಗಂಡ ಹೋದದ್ದು ಊರಿನ ಎಂಪಿ ಟ್ಯೂಲಿಪ್ ಸಿದ್ದಿಕ್ ಹತ್ತಿರ. ಅವರು ಗೆದ್ದು ಬಂದು ಒಂದು ವರ್ಷವೂ ಆಗಿರಲಿಲ್ಲ.

ಅಲ್ಲಿಂದ ಶುರುವಾದ ಪ್ರಶ್ನೆ ವರ್ಷಗಟ್ಟಲೆ ನಿಲ್ಲಲಿಲ್ಲ. ಪ್ರಧಾನಿ ಬದಲಾದರೂ ಬಿಡಲಿಲ್ಲ, ವಿದೇಶಾಂಗ ಸಚಿವರು ಒಬ್ಬರಾದ ಮೇಲೊಬ್ಬರು ಬಂದು ಹೋದರು. 2017ರ ನವೆಂಬರ್‌ನಲ್ಲಿ ಬೋರಿಸ್ ಜಾನ್ಸನ್, ಆಗ ಅವರೇ ವಿದೇಶಾಂಗ ಸಚಿವ, ಸಂಸದೀಯ ಸಮಿತಿ ಮುಂದೆ ಆಕೆ ಅಲ್ಲಿ ಪತ್ರಿಕೋದ್ಯಮ ಕಲಿಸುತ್ತಿದ್ದಳು ಎಂದುಬಿಟ್ಟರು. ರಜೆಗೆ ಹೋದವಳು! ಇರಾನ್ ಆ ಮಾತನ್ನೇ ಆಕೆಯ ವಿರುದ್ಧ ಬಳಸಿತು. ಆಗ ತುರ್ತು ಪ್ರಶ್ನೆ, ಮತ್ತೆ ಲಿಖಿತ ಪ್ರಶ್ನೆ, ಮತ್ತೆ ಬುಧವಾರ.

ಒಳಗಿದ್ದ ಗಂಟು ಹಳೇ ಸಾಲ. 1970ರ ದಶಕದಲ್ಲಿ ಇರಾನಿನ ಷಾ ಟ್ಯಾಂಕ್‌ಗಳಿಗೆ ದುಡ್ಡು ಕಟ್ಟಿದ್ದ. ಕ್ರಾಂತಿ ಆಯಿತು, ಬ್ರಿಟನ್ ಟ್ಯಾಂಕ್ ಪೂರ್ತಿ ಕೊಡಲಿಲ್ಲ, ದುಡ್ಡನ್ನೂ ಇಟ್ಟುಕೊಂಡಿತು. ಸುಮಾರು 40 ಕೋಟಿ ಪೌಂಡ್. ಸಾಲಕ್ಕೂ ಬಿಡುಗಡೆಗೂ ಸಂಬಂಧ ಇಲ್ಲ ಎಂಬುದು ಸರ್ಕಾರದ ಮಾತು. ಎಂಪಿಗಳು ಮಾತ್ರ ಸಾಲದ ಬಗ್ಗೆಯೇ ಕೇಳುತ್ತ ಹೋದರು. ಗಂಡ 2021ರಲ್ಲಿ ವಿದೇಶಾಂಗ ಕಚೇರಿ ಎದುರು 21 ದಿನ ಉಪವಾಸ ಕೂತರು. 2022ರ ಮಾರ್ಚ್ 16ರಂದು ಬಿಡುಗಡೆ. ಅದೇ ಹೊತ್ತಿಗೆ ಸಾಲವೂ ಚುಕ್ತಾ ಆಗಿತ್ತು.

ಪ್ರಶ್ನೆಯಿಂದಲೇ ಬಿಡುಗಡೆ ಆಯಿತಾ? ದುಡ್ಡಿನಿಂದ ಆಯಿತು ಅಂತ ನನಗನಿಸುತ್ತದೆ. ಆದರೆ ಸರ್ಕಾರ ಮರೆತು ಮುಂದೆ ಹೋಗಲು ಆ ಪ್ರಶ್ನೆಗಳು ಬಿಡಲಿಲ್ಲ. ಆಕೆ ಆ ಕ್ಷೇತ್ರದ ಒಬ್ಬ ನಿವಾಸಿ. ಅಷ್ಟೇ ಕಾರಣ ಸಾಕಾಯಿತು ಆ ಎಂಪಿಗೆ.

ಗುಂಡಿ ರಸ್ತೆ (ಬೆಂಗಳೂರು)

ಇದು ಮಾತ್ರ ಒಪ್ಪಿದೆ. ನಮ್ಮ ಬೀದಿಯ ಹೆಣ್ಣುಮಗಳು ಹೊರಗೆ ಸಿಕ್ಕಿಹಾಕಿಕೊಂಡರೆ ನಮ್ಮ ಎಂಪಿ ಕೇಳಲೇಬೇಕು. ಘಾನಾ ಬೇರೆ, ಇದು ಬೇರೆ.

ಅಕ್ಷರ (ಧಾರವಾಡ)

ಅಲ್ಲಿರುವ ಕನ್ನಡಿಗರು ಎಂಪಿ ಹತ್ತಿರ ಹೋಗಬಹುದಾ? ಪೌರತ್ವ ಬೇಕಾ? ನಮ್ಮ ಅಕ್ಕ ಈ ವರ್ಷ ನರ್ಸ್ ಆಗಿ ಹೋಗುತ್ತಿದ್ದಾಳೆ.

ಥೇಮ್ಸ್ ದಂಡೆ

ಬೇಡ. ಆ ಕ್ಷೇತ್ರದಲ್ಲಿ ವಾಸ ಇದ್ದರೆ ಸಾಕು. ಪತ್ರದಲ್ಲಿ ವಿಳಾಸ, ಪಿನ್‌ಕೋಡ್ ತಪ್ಪದೇ ಹಾಕಬೇಕು. ಬೇರೆ ಕ್ಷೇತ್ರದವರ ಕೆಲಸಕ್ಕೆ ಇನ್ನೊಬ್ಬ ಎಂಪಿ ಕೈ ಹಾಕಲ್ಲ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ: ಭಾರತದ ಪಾಸ್‌ಪೋರ್ಟ್ ಇದ್ದರೂ ನಿಮ್ಮ ಅಕ್ಕ ಇಲ್ಲಿನ ಪಾರ್ಲಿಮೆಂಟ್ ಚುನಾವಣೆಯಲ್ಲಿ ಮತ ಹಾಕಬಹುದು. ಕಾಮನ್‌ವೆಲ್ತ್ ದೇಶದವರಿಗೆ ಆ ಹಕ್ಕಿದೆ. ಬಂದ ತಕ್ಷಣ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೇಳಿ.

ನನ್ನ ಅನುಭವ ಹೇಳುತ್ತೇನೆ. ಅಮ್ಮ ಬಾಣಂತನಕ್ಕೆ ಬರಬೇಕಿತ್ತು, ವೀಸಾ ಅರ್ಜಿ ಎಲ್ಲೋ ಕೂತುಬಿಟ್ಟಿತ್ತು. ಇಲಾಖೆಗೆ ಫೋನ್ ಮಾಡಿದರೆ ಬರೀ ಸಂಗೀತ. ನಮ್ಮ ಎಂಪಿ ಕಚೇರಿಗೆ ಇಮೇಲ್ ಮಾಡಿದೆ. ಮರುದಿನ ಅಲ್ಲಿ ಕೆಲಸ ಮಾಡುವ ಹುಡುಗಿ ಫೋನ್ ಮಾಡಿ ಅರ್ಜಿ ನಂಬರ್, ಅಮ್ಮನ ಹುಟ್ಟಿದ ದಿನ, ಹೆರಿಗೆ ದಿನಾಂಕ ಬರೆದುಕೊಂಡಳು. ಸ್ವಲ್ಪ ದಿನಕ್ಕೆ ಮನೆಗೆ ದಪ್ಪ ಕಾಗದದ ಪತ್ರ ಬಂತು, ಮೇಲೆ ಹಸಿರು ಬಣ್ಣದಲ್ಲಿ ಕೋಟೆ ಬಾಗಿಲಿನ ಲಾಂಛನ. ಎಂಪಿ ಸಚಿವರಿಗೆ ಬರೆದ ಪತ್ರದ ಪ್ರತಿ ಒಳಗಿತ್ತು. ವೀಸಾ ಬಂತು. ಪತ್ರದಿಂದ ಬಂತೋ, ಸರದಿ ಪ್ರಕಾರವೇ ಬಂತೋ ಹೇಳಲಾರೆ. ಆ ಎಂಪಿಯ ಪಕ್ಷಕ್ಕೆ ನಾನು ಓಟು ಹಾಕಿರಲಿಲ್ಲ, ಯಾರೂ ಕೇಳಲೂ ಇಲ್ಲ.

ಹಳೇ ವಕೀಲ (ಮೈಸೂರು)

ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಕಡೆ ಹೋದರೆ ನಮ್ಮ ಬಸವಣ್ಣನವರ ಪ್ರತಿಮೆ ಇದೆ, 2015ರಲ್ಲಿ ಅನಾವರಣವಾದದ್ದು. ನದಿಯ ಆಚೆ ದಂಡೆಯಲ್ಲಿ ಪಾರ್ಲಿಮೆಂಟು. ಅನುಭವ ಮಂಟಪದಲ್ಲಿ ಯಾರು ಬೇಕಾದರೂ ಪ್ರಶ್ನೆ ಕೇಳಬಹುದಿತ್ತು, ಅಕ್ಕಮಹಾದೇವಿಯನ್ನೇ ಅಲ್ಲಮರು ಸುಮ್ಮನೆ ಬಿಡಲಿಲ್ಲ. ಅಲ್ಲಿ ಲಾಟರಿ ಇರಲಿಲ್ಲ ಎಂದು ಥೇಮ್ಸ್ ದಂಡೆಯವರಿಗೆ ನೆನಪಿಸುತ್ತೇನೆ.

ಗುಂಡಿ ರಸ್ತೆ (ಬೆಂಗಳೂರು)

ಸರಿ, ಜಗಳ ಸಾಕು. ಒಂದು ಉಪಯೋಗದ ವಿಷಯ ಹೇಳಿ. ಅಲ್ಲಿನ ಎಂಪಿ ಏನೇನು ಕೇಳಿದರು ಅಂತ ಇಲ್ಲಿಂದ ನೋಡಬಹುದಾ? ನಮ್ಮ ಎಂಪಿಯದೂ ಸಿಗುತ್ತಾ?

ಅಕ್ಷರ (ಧಾರವಾಡ)

ಎರಡೂ ಸಿಗುತ್ತೆ ಅಣ್ಣ. ಬ್ರಿಟನ್‌ದು ಪಾರ್ಲಿಮೆಂಟ್ ವೆಬ್‌ಸೈಟಿನಲ್ಲೇ ಇದೆ. 'ದೇ ವರ್ಕ್ ಫಾರ್ ಯು' ಅಂತ ಸ್ವಯಂಸೇವಕರು ಶುರು ಮಾಡಿದ ಇನ್ನೊಂದು ತಾಣವೂ ಇದೆ, ಎಂಪಿ ಹೆಸರು ಕೊಟ್ಟರೆ ಅವರು ಬಾಯಿ ಬಿಟ್ಟಾಗಲೆಲ್ಲ ನಿಮಗೆ ಇಮೇಲ್ ಬರುತ್ತೆ. ನಮ್ಮದಕ್ಕೆ ಸಂಸದ್ ವೆಬ್‌ಸೈಟಿಗೆ ಹೋಗಿ, ಲೋಕಸಭೆ ಒತ್ತಿ, ಪ್ರಶ್ನೆಗಳು ಅನ್ನುವಲ್ಲಿ ಸದಸ್ಯರ ಹೆಸರು ಹಾಕಿ. ಪ್ರಶ್ನೆ, ಸಚಿವರ ಉತ್ತರ ಎರಡೂ ಪಿಡಿಎಫ್‌ನಲ್ಲಿ ಇರುತ್ತೆ. ನಾನು ಪ್ರಾಜೆಕ್ಟಿಗೆ ಅಲ್ಲಿಂದಲೇ ತೆಗೆದದ್ದು.

ಗುಂಡಿ ರಸ್ತೆ (ಬೆಂಗಳೂರು)

ಹಾಕಿದೆ. ನಮ್ಮವರ ಹೆಸರಲ್ಲಿ ಉದ್ದ ಪಟ್ಟಿಯೇ ಬರುತ್ತಿದೆ. ರೈಲ್ವೆ ಅಂತ ಹುಡುಕುತ್ತಿದ್ದೇನೆ, ತಡೆಯಿರಿ.